ಪೂಜೆಗೆ ಕೂತ ಪಾನಾಗಳು

ನನ್ನ ಕಾರಿನ ಬಾನೆಟ್ ಎತ್ತಿದವರೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ. ಆಯಿಲ್ ಬದಲಿಸಲು ಬಂದವನಿರಲಿ, ಬ್ಯಾಟರಿ ನೋಡಲು ಬಂದವನಿರಲಿ, ಮೊದಲು ಒಳಗೆ ಬಗ್ಗಿ ನೋಡುತ್ತಾನೆ, ಆಮೇಲೆ ನನ್ನ ಹಣೆ ನೋಡುತ್ತಾನೆ. "ಏನ್ರೀ ಅಣ್ಣಾರ, ಟರ್ಬೋಕ್ಕ ವಿಭೂತಿ ಹಚ್ಚೀರಿ?" ಹೌದು, ಹಚ್ಚಿದೆ. ಟರ್ಬೋದಿಂದ ಹೊಗೆ ಹೊರಬೀಳುವ ಕಡೆ, ಎರಕದ ಕಬ್ಬಿಣದ ಮೇಲೆ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮದ ಬೊಟ್ಟು. ವಿಭೂತಿ ಸುಟ್ಟು ಹಳದಿಯಾಗಿದೆ, ಕುಂಕುಮ ಚಹಾದ ಬಣ್ಣಕ್ಕೆ ತಿರುಗಿದೆ, ಆದರೆ ಅಳಿದಿಲ್ಲ. ಎಣ್ಣೆಯಲ್ಲಿ ಕಲಸಿ ಹಚ್ಚಿದ್ದು, ಎಂಜಿನ್ ಕಾವಿಗೆ ಕಬ್ಬಿಣದೊಳಗೇ ಇಳಿದುಬಿಟ್ಟಿದೆ. ಬ್ರಷ್ ಹಾಕಿ ತಿಕ್ಕಿ ತೆಗೆಯಲೇನು ಎಂದು ಕೇಳಿದವರಿದ್ದಾರೆ. ಬೇಡ ಎಂದಿದ್ದೇನೆ.

ಟರ್ಬೋ ಎಂದರೇನು ಎಂದು ಗೊತ್ತಿಲ್ಲದವರು ನಾಚಿಕೊಳ್ಳಬೇಕಾಗಿಲ್ಲ. ಆ ಹೆಸರು ಕಾರಿನ ಹಿಂದೆ ಬರೆಸಿಕೊಂಡು ವರ್ಷಗಟ್ಟಲೆ ತಿರುಗಿದ ನನಗೂ ಗೊತ್ತಿರಲಿಲ್ಲ. ಎಂಜಿನ್ ಬಿಟ್ಟ ಹೊಗೆ ಸುಮ್ಮನೆ ಹೊರಗೆ ಹೋಗುವಂತಿಲ್ಲ, ಹೋಗುವ ದಾರಿಯಲ್ಲಿ ಒಂದು ಸಣ್ಣ ಚಕ್ರ ತಿರುಗಿಸಿ ಹೋಗಬೇಕು. ಆ ಚಕ್ರ ಹೊರಗಿನ ಗಾಳಿಯನ್ನು ಎಳೆದು ಎಂಜಿನ್ನಿಗೆ ತುಂಬುತ್ತದೆ, ಗಾಡಿಗೆ ಎಳೆತ ಬರುತ್ತದೆ. ಹೊರಗೆ ಹೊರಟವರ ಕೈಯಲ್ಲೂ ಒಂದು ಕೆಲಸ ಮಾಡಿಸಿಕೊಳ್ಳುವ ಈ ಪದ್ಧತಿ ನನಗೆ ಹೊಸದಲ್ಲ. ನಮ್ಮ ಅವ್ವ ಚಪ್ಪಲಿ ಮೆಟ್ಟಿದವನನ್ನು ವಾಪಸು ಕರೆದು ಕೈಗೆ ಕಸದ ಬುಟ್ಟಿ ಕೊಡುತ್ತಾಳೆ.

ನನ್ನ ಕಸುಬು ಅಕ್ಕಿ ಗಿರಣಿಗಳಿಗೆ ಬಿಡಿಭಾಗ ಒದಗಿಸುವುದು. ಬೆಲ್ಟು, ಬೇರಿಂಗು, ರಬ್ಬರ್ ರೋಲು, ಜಾಲರಿ. ಅಂಗಡಿ ರಾಯಚೂರಿನಲ್ಲಿ, ಗಿರಾಕಿಗಳು ಮಾನ್ವಿ, ಪೋತ್ನಾಳದ ಕಡೆ. ದಿನವೂ ಬಿಡಿಭಾಗ ಮಾರುವವನಿಗೆ ಒಂದು ರೋಗ ಅಂಟಿಕೊಳ್ಳುತ್ತದೆ. ಮಾರಿದ್ದನ್ನೆಲ್ಲ ತಾನೇ ಜೋಡಿಸಬಲ್ಲೆ ಎಂದು ಅನಿಸತೊಡಗುತ್ತದೆ. ಬೇರಿಂಗನ್ನು ದೂರದಿಂದ ನೋಡಿ ನಂಬರು ಹೇಳುವ ನಾನು ಈ ಜನ್ಮದಲ್ಲಿ ಒಂದು ಬೇರಿಂಗನ್ನೂ ಕೂರಿಸಿದವನಲ್ಲ. ನನ್ನ ಹೆಂಡತಿ ಶಶಿಕಲಾ ಬಂಧುಗಳ ಮುಂದೆ ಇದನ್ನು ಹೀಗೆ ಹೇಳುತ್ತಾಳೆ: "ಇವ್ರು ಲಗ್ನಪತ್ರಿಕಿ ಹಂಚಿ ಬಂದು, ಲಗ್ನ ನಾನೇ ಮಾಡಿಸೀನಿ ಅನ್ನೂ ಪೈಕಿರೀ."

ಹೋದ ವರ್ಷ ದಸರೆಗೆ ಮುಂಚೆ ಕಾರು ಕೆಮ್ಮತೊಡಗಿತು. ಎಕ್ಸಿಲೇಟರ್ ಒತ್ತಿದರೆ ಬಾನೆಟ್ಟಿನೊಳಗಿಂದ ಫುಸ್ ಫುಸ್ ಎಂಬ ಸದ್ದು. ಮಾನ್ವಿ ರಸ್ತೆಯಲ್ಲಿ ಭತ್ತ ತುಂಬಿದ ಲಾರಿಗಳು ನನ್ನನ್ನು ಹಿಂದೆ ಹಾಕಿ, ಹಾಕುವಾಗ ಹಾರ್ನನ್ನೂ ಬಾರಿಸಿಕೊಂಡು ಹೋದವು. ಕಾರಿನೊಳಗೆ ಹೊಗೆ ವಾಸನೆ. ಸಂತೆಗೆ ಕರೆದುಕೊಂಡು ಹೋದರೆ ಅವ್ವ ಸೆರಗನ್ನು ಮೂಗಿನಿಂದ ಕೆಳಗೆ ಇಳಿಸುತ್ತಿರಲಿಲ್ಲ. ಬಾನೆಟ್ ಎತ್ತಿ ನೋಡಿದರೆ ಟರ್ಬೋವೂ ಸೈಲೆನ್ಸರ್ ಪೈಪೂ ಕೂಡುವ ಜಾಗದಲ್ಲಿ ಕಾಡಿಗೆ ಮೆತ್ತಿದಂತೆ ಮಸಿ. ಹೊಗೆ ಸೋರದಂತೆ ನಡುವೆ ಕೂರಿಸುವ ಪ್ಯಾಕಿಂಗ್ ಸುಟ್ಟು ಹೋಗಿತ್ತು. ಅದರ ಕೆಳಗೆ ಬಾಗುವ ಪೈಪೊಂದು ಇರುತ್ತದೆ, ಮೈಮೇಲೆ ತಂತಿಯ ಹೆಣಿಕೆ ಇರುವಂಥದ್ದು. ಅದೂ ಹರಿದು ಜಾಳಾಗಿತ್ತು.

ಗ್ಯಾರೇಜುಗಳಿಗೆ ತಿರುಗಿದೆ. ಆಯುಧ ಪೂಜೆಗೆ ನಮ್ಮ ಕಡೆ ಖಂಡೆ ಪೂಜೆ ಎನ್ನುತ್ತೇವೆ, ಅದರ ಮುಂಚಿನ ದಿನಗಳಲ್ಲಿ ರಾಯಚೂರಿನ ಎಲ್ಲ ಗಾಡಿಗಳೂ ತೊಳೆಸಿಕೊಳ್ಳಲು, ಬಣ್ಣ ಬಳಿಸಿಕೊಳ್ಳಲು ಗ್ಯಾರೇಜಿನ ಮುಂದೆ ಸಾಲು ಹಿಡಿದಿರುತ್ತವೆ. ಎಲ್ಲರದೂ ಒಂದೇ ಉತ್ತರ: "ಹಬ್ಬ ಆಗಲಿ, ಬರ್ರಿ."

ಹಬ್ಬ ಆಗಲಿ ಎಂದು ಬಿಡುವಂತಿರಲಿಲ್ಲ. ವಿಜಯದಶಮಿಯ ದಿನ, ದಸರೆಯ ಸಂಜೆ ಅವ್ವ ದೇವದುರ್ಗದಲ್ಲಿ ಇರಬೇಕು.

ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ದಸರೆಯ ಸಂಜೆ ಸಣ್ಣವರು ದೊಡ್ಡವರ ಕೈಗೆ ಬನ್ನಿ ಎಲೆ ಕೊಟ್ಟು ಕಾಲಿಗೆ ಬೀಳುತ್ತಾರಲ್ಲ, ನಮ್ಮ ಓಣಿಯಲ್ಲಿ ಆ ಹೊತ್ತು ಅವ್ವನ ಕಾಲಿಗೆ ಬಿಡುವೇ ಇರುವುದಿಲ್ಲ. ಓಣಿಗೆಲ್ಲ ಆಕೆಯೇ ಹಿರಿಯಳು. ಬನ್ನಿ ತೆಗೆದುಕೊಂಡು ತೆಗೆದುಕೊಂಡು ಆಕೆಯ ಮಡಿಲು ತುಂಬುತ್ತದೆ. ಆದರೆ ಆಕೆ ಬನ್ನಿ ಕೊಡಬೇಕಾದವರು ಒಬ್ಬೊಬ್ಬರಾಗಿ ಹೋಗಿಬಿಟ್ಟಿದ್ದಾರೆ. ಅತ್ತೆ, ಮಾವ, ಭಾವ, ದೊಡ್ಡಕ್ಕ, ಕೊನೆಗೆ ನಮ್ಮ ಅಪ್ಪ. ಉಳಿದಿರುವುದು ದೇವದುರ್ಗದ ಮಾಮ ಒಬ್ಬರೇ, ಅವ್ವನ ಸ್ವಂತ ಅಣ್ಣ. ಎಂಬತ್ತು ದಾಟಿದೆ, ಮನೆ ಬಿಟ್ಟು ಹೊರಗೆ ಬರುವುದಿಲ್ಲ. ಊರೆಲ್ಲ ಸಂಗಮ್ಮವ್ವ ಎನ್ನುವ ಹೆಂಗಸನ್ನು 'ಸಂಗಿ' ಎಂದು ಕರೆಯುವ, 'ಬೇ' ಎಂದು ಗದರಿಸುವ ಮನುಷ್ಯ ಇನ್ನು ಅವರೊಬ್ಬರೇ. ಆ ವರ್ಷದ ಮಳೆಗಾಲದಲ್ಲಿ ಅವರು ಜ್ವರ ಬಂದು ಆಸ್ಪತ್ರೆ ಸೇರಿ, ಬಹಳ ಸೊರಗಿ ಮನೆಗೆ ಬಂದಿದ್ದರು. ಈ ಸಲದ ಬನ್ನಿ ತಪ್ಪಬಾರದು ಎಂದು ಅವ್ವ ಬಾಯಿಬಿಟ್ಟು ಹೇಳಿರಲಿಲ್ಲ. ನವರಾತ್ರಿ ಶುರುವಾಗುವ ಮೊದಲೇ ಮಾಮನಿಗೆ ಒಯ್ಯುವ ಮಾದಲಿ ಎಂಬ ಸಿಹಿಗೆ ಗೋಧಿ ಆರಿಸಿಟ್ಟುಕೊಂಡಿದ್ದಳು, ಅಷ್ಟೆ.

ಬಸ್ಸಿನ ಮೆಟ್ಟಿಲು ಆಕೆಯ ಮೊಣಕಾಲಿಗೆ ಆಗುವುದಿಲ್ಲ. ಬಾಡಿಗೆ ಕಾರಿನವರು ಆ ಸಂಜೆ ತಮ್ಮ ತಮ್ಮ ದೊಡ್ಡವರ ಕಾಲು ಹುಡುಕಿಕೊಂಡು ಊರುಗಳಿಗೆ ಹೋಗಿರುತ್ತಾರೆ. ಹಾಗಾಗಿ ಹೋದರೆ ನಮ್ಮ ಕಾರಿನಲ್ಲೇ ಹೋಗಬೇಕು.

"ನಾನೇ ಮಾಡ್ತೀನಿ" ಎಂದೆ.

"ಏನು ಮಾಡ್ತೀರಿ?" ಎಂದಳು ಶಶಿಕಲಾ.

"ಪೈಪು ಬದಲಿ ಮಾಡ್ತೀನಿ. ನಟ್ಟು ಬಿಚ್ಚೂದು, ಹಳೇದು ತೆಗಿಯೂದು, ಹೊಸಾದು ಹಾಕೂದು. ಅದರಾಗೇನದ?"

"ಹೋದ ಸಲ ಫ್ಯಾನು ಬಿಚ್ಚಿದಾಗೂ ಹಿಂಗ ಅಂದಿದ್ರಿ." ಆ ಫ್ಯಾನು ಈಗಲೂ ಮಾಳಿಗೆ ಮೇಲಿದೆ. ಅದರ ವಿಷಯ ಇಲ್ಲಿ ಬೇಡ.

ಹೊಸ ಪೈಪು, ಪ್ಯಾಕಿಂಗು, ಹೊಸ ಬೋಲ್ಟು ನಟ್ಟು ತಂದೆ. ಫೋನಿನಲ್ಲಿ ವಿಡಿಯೋ ನೋಡಿದೆ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆಯೇ ಟರ್ಬೋಕ್ಕೆ ಕೈ ಹಾಕಬೇಕು ಎಂದು ವಿಡಿಯೋದವನು ಮತ್ತೆ ಮತ್ತೆ ಹೇಳಿದ. ರಾಯಚೂರಿನಲ್ಲಿ ಕಬ್ಬಿಣ ತಣ್ಣಗಾಗುವುದು ಯಾವ ತಿಂಗಳಲ್ಲಿ ಎಂದು ಮಾತ್ರ ಹೇಳಲಿಲ್ಲ. ಅಷ್ಟಮಿಯ ದಿನ ನಸುಕಿನಲ್ಲೇ ಶುರು ಮಾಡಿದೆ. ಅಂಗಳದಲ್ಲಿ ಕಾರಿನ ಮುಂಭಾಗ ಜಾಕ್ ಹಾಕಿ ಎತ್ತಿ, ಗಿರಣಿಯೊಂದರಿಂದ ತಂದ ದಪ್ಪ ಮರದ ದಿಮ್ಮಿಗಳ ಮೇಲೆ ಕೂರಿಸಿದೆ. ಮೇಲಿನಿಂದ ಟರ್ಬೋದ ಒಂದು ಬದಿಗಿದ್ದ ತಗಡಿನ ಮುಚ್ಚಳ ತೆಗೆದೆ. ನಟ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹೊಡೆದು, ಚಹಾ ಕುಡಿದು, ಮತ್ತೆ ಎಣ್ಣೆ ಹೊಡೆದೆ.

ಪಾನಾ ಎತ್ತಿ ಕೊಡುವ ಕೆಲಸ ಶಶಿಕಲಾಳದು. ನಮ್ಮ ಕಡೆ ಸ್ಪ್ಯಾನರಿಗೆ ಪಾನಾ ಎನ್ನುತ್ತೇವೆ. ನಾನು ಕಾರಿನ ಕೆಳಗೆ ಅಂಗಾತ ಮಲಗಿ "ಹದಿನಾಲ್ಕು ಕೊಡು" ಎಂದರೆ, ಆಕೆ ಬಗ್ಗಿ ನೋಡಿ "ಅದು ಹದಿಮೂರು ಅದರೀ, ಕಣ್ಣಿಗೆ ಕಾಣಾಕತ್ತದ" ಎನ್ನುತ್ತಿದ್ದಳು. ಹದಿಮೂರೇ ಇರುತ್ತಿತ್ತು. ಮೇಲಿನ ನಟ್ಟುಗಳಲ್ಲಿ ಒಂದು ತಾನು ಬರುವಾಗ ಬೋಲ್ಟನ್ನೂ ಜೊತೆಗೆ ಕರೆದುಕೊಂಡು ಬಂತು. ಹೊಸ ಬೋಲ್ಟು ತಂದಿದ್ದೆನಾದ್ದರಿಂದ, ಅದನ್ನು ನಾನೇ ಬೇಕೆಂದು ತೆಗೆದವನಂತೆ ಸುಮ್ಮನಿದ್ದೆ. ಹಳೆಯ ಪೈಪು ಕಳಚಿ ಬೀಳುವಾಗ ಅಷ್ಟೂ ಮಸಿಯನ್ನು ನನ್ನ ಮುಖದ ಮೇಲೆ ಸುರಿಸಿಕೊಂಡೇ ಬಿತ್ತು. ಅವ್ವ ಹೊರಗೆ ಬಂದು ನೋಡಿ, "ಯಾರಿವಾ?" ಎಂದು ಸೊಸೆಯನ್ನು ಕೇಳಿದಳು.

ಸಂಜೆಯಾಗಿತ್ತು. ಬಿಚ್ಚುವ ಕೆಲಸ ಮುಗಿದಿತ್ತು. ಒಂದು ಹೊಸ ಗೋಣಿಚೀಲ ಹಾಸಿ, ಪಾನಾಗಳನ್ನೆಲ್ಲ ಒರೆಸಿ ನಂಬರಿನ ಪ್ರಕಾರ ಸಾಲಾಗಿ ಇಟ್ಟೆ. ಪಕ್ಕಕ್ಕೆ ಹೊಸ ಪೈಪು, ಪ್ಯಾಕಿಂಗು, ಬೋಲ್ಟುಗಳು. ನೋಡಿದವರು ಮೆಚ್ಚಬೇಕು, ಹಾಗಿತ್ತು. ಮರುದಿನ ಬೆಳಿಗ್ಗೆ ಮಾನ್ವಿಯ ಗಿರಣಿಗಳಲ್ಲಿ ಖಂಡೆ ಪೂಜೆಗೆ ಹೋಗಲೇಬೇಕು, ಗಿರಾಕಿಗಳ ಮಾತು. ಮಧ್ಯಾಹ್ನ ಬಂದು ಜೋಡಿಸಿದರಾಯಿತು ಅಂದುಕೊಂಡೆ. ಮರುದಿನ ಖಂಡೆ ಪೂಜೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಅದು ನಮ್ಮ ಮನೆಯಲ್ಲೂ ಇರುತ್ತದೆ ಎಂಬುದು ಮಾತ್ರ ತಲೆಗೆ ಹೊಳೆಯಲಿಲ್ಲ.

ನಮ್ಮ ಮನೆಯ ಖಂಡೆ ಪೂಜೆ ಅವ್ವನ ತವರಿನಿಂದ ಬಂದದ್ದು. ಅವ್ವನ ಅಪ್ಪ ದೇವದುರ್ಗದ ಕಡೆಯ ಒಕ್ಕಲಿಗ, ಹೊಲವೂ ಇತ್ತು, ಆಡು ಕುರಿಗಳೂ ಇದ್ದವು. ಆತ ಹಾಕಿದ ಕಟ್ಟು ಹೀಗೆ: ನವಮಿಯ ದಿನ ಪೂಜೆಗೆ ಇಟ್ಟ ಕಬ್ಬಿಣವನ್ನು ದಸರೆಯ ಸಂಜೆ ಬನ್ನಿ ಮುಡಿಯುವ ತನಕ ಯಾರೂ ಎತ್ತಬಾರದು. ವರ್ಷವೆಲ್ಲ ನಮಗಾಗಿ ದುಡಿದದ್ದಕ್ಕೆ ಅಷ್ಟಾದರೂ ವಿಶ್ರಾಂತಿ ಬೇಕು. ನಮ್ಮ ಬಾಲ್ಯದಲ್ಲಿ ಪುಸ್ತಕಗಳೂ ಪೂಜೆಗೆ ಹೋಗುತ್ತಿದ್ದವು. ಅಭ್ಯಾಸ ಮಾಡು ಎಂದರೆ "ಪುಸ್ತಕ ಮುಟ್ಟಬಾರದವ್ವಾ" ಎನ್ನಬಹುದಾದ ದಿನ ವರ್ಷಕ್ಕೆ ಅದೊಂದೇ. ನಾನು ಮನೆಯಲ್ಲಿದ್ದ ಪಂಚಾಂಗವನ್ನೂ ಸೇರಿಸಿ ಇಟ್ಟುಬಿಡುತ್ತಿದ್ದೆ. ಈಳಿಗೆ ಪೂಜೆಗೆ ಕೂರುವುದರಿಂದ ಹಬ್ಬದ ಬದನೆಕಾಯಿಯನ್ನು ಮೊದಲೇ ಹೆಚ್ಚಿ ನೀರಿಗೆ ಹಾಕಿಡಬೇಕು. ಮರೆತ ವರ್ಷ ಅವ್ವ ಚವಳಿಕಾಯಿಯನ್ನು ಕೈಯಿಂದಲೇ ಮುರಿದು ಪಲ್ಯ ಮಾಡಿದ್ದಳು. ಒಮ್ಮೆ ಅಪ್ಪನ ದಾಡಿ ಮಾಡುವ ರೇಜರ್ ಪೂಜೆಗೆ ಹೋಗಿ, ಅಪ್ಪ ಬೀಗರ ಮನೆಗೆ ಗಡ್ಡ ಬಿಟ್ಟುಕೊಂಡು ಹೋಗಿ, "ಆರಾಮಿಲ್ಲೇನ್ರೀ?" ಎಂದು ಎಲ್ಲರಿಂದ ಕೇಳಿಸಿಕೊಂಡು ಬಂದಿದ್ದ. ಈಗ ಮಿಕ್ಸಿಯೂ ಕಬ್ಬಿಣವೇ, ಅದೂ ಪೂಜೆಗೆ ಕೂರುತ್ತದೆ. ಶಶಿಕಲಾ ಸೊಸೆಯಾಗಿ ಬಂದ ಹೊಸದರಲ್ಲಿ ಇದಕ್ಕೆಲ್ಲ ನಗುತ್ತಿದ್ದಳು. ಈಗ ಮುಂಚಿನ ದಿನವೇ ಚಟ್ನಿ ರುಬ್ಬಿಟ್ಟುಕೊಳ್ಳುತ್ತಾಳೆ.

ಇಷ್ಟೆಲ್ಲ ಗೊತ್ತಿದ್ದೂ ನವಮಿಯ ಬೆಳಿಗ್ಗೆ ನಾನು ಇಸ್ತ್ರಿ ಅಂಗಿ ತೊಟ್ಟು, ಬಸ್ಸು ಹತ್ತಿ ಮಾನ್ವಿಗೆ ಹೋದೆ. ಗಿರಣಿಗಳಲ್ಲಿ ಕುಂಬಳಕಾಯಿ ಒಡೆದರು, ಪೇಡೆ ಕೊಟ್ಟರು. "ಕಾರೆಲ್ಲಿ ಸಾವಕಾರ್ರ?" ಎಂದವರಿಗೆಲ್ಲ, "ನಾನೇ ಬಿಚ್ಚಾಕತ್ತೀನಿ" ಎಂದು ಬೇಕಾದ್ದಕ್ಕಿಂತ ಜೋರಾಗಿಯೇ ಹೇಳಿದೆ. ಮಧ್ಯಾಹ್ನ ಮಂಡಾಳಿನ, ಅಂದರೆ ಮಂಡಕ್ಕಿಯ, ಪೊಟ್ಟಣಗಳನ್ನು ಹಿಡಿದು ಮನೆಗೆ ಬಂದೆ.

ಅಂಗಳದಲ್ಲಿ ಗೋಣಿಚೀಲ ಇರಲಿಲ್ಲ. ಕಾರು ದಿಮ್ಮಿಯ ಮೇಲೆ ಹಾಗೇ ಬಾಯಿ ತೆರೆದುಕೊಂಡು ನಿಂತಿತ್ತು, ಮೂತಿಗೆ ಚೆಂಡು ಹೂವಿನ ಹಾರ. ತೆರೆದ ಬಾನೆಟ್ಟಿನೊಳಗೆ ಟರ್ಬೋದ ಹಣೆಯ ಮೇಲೆ ವಿಭೂತಿ, ಕುಂಕುಮ. ನಾಲ್ಕೂ ಗಾಲಿಗಳ ಕೆಳಗೆ ನಿಂಬೆಹಣ್ಣು. ಮುಂದಿನ ಎರಡು ಗಾಲಿ ಗಾಳಿಯಲ್ಲಿದ್ದವು, ಆದರೂ ಅವುಗಳ ಕೆಳಗೆ ಅಳತೆ ನೋಡಿ ಇಟ್ಟಿದ್ದರು. ಒಳಗೆ ಹೋದರೆ ದೇವರ ಮುಂದಿನ ಮಣೆಯ ಮೇಲೆ ನನ್ನ ಪಾನಾಗಳೆಲ್ಲ, ಹುಣಸೆಹಣ್ಣಿನಲ್ಲಿ ತಿಕ್ಕಿ ತೊಳೆದು, ನಂಬರಿನ ಪ್ರಕಾರವೇ ಸಾಲಾಗಿ. ಜಾಕು, ಈಳಿಗೆ, ಮಿಕ್ಸಿ ಪಕ್ಕದಲ್ಲಿ. ಹೊಸ ಪೈಪನ್ನು ನಿಲ್ಲಿಸಿ ಮೇಲೊಂದು ದಾಸವಾಳ ಇಟ್ಟಿದ್ದಳು. ಪ್ಯಾಕಿಂಗಿಗೂ ಬೊಟ್ಟು.

"ಯವ್ವಾ, ಇದೇನು ಮಾಡಿದಿ?"

"ಪೂಜಾ" ಎಂದಳು ಅವ್ವ. "ನೀ ಪೂಜಾಕ್ಕಂತ ಒರಸಿ ಹೊಂದಿಸಿ ಇಟ್ಟು ಹೋಗಿದ್ದಿಯಲ್ಲ. ಎಷ್ಟು ಚಂದ ಇಟ್ಟಾನ ನೋಡು ನನ್ನ ಮಗ ಅಂದೆ."

ಶಶಿಕಲಾಳ ಕಡೆ ನೋಡಿದೆ. ಆಕೆ ನನ್ನ ಕೈಯಿಂದ ಮಂಡಾಳಿನ ಪೊಟ್ಟಣ ತೆಗೆದುಕೊಂಡಳು. "ನಾ ಜಳಕ ಮಾಡಿ ಬರೂದ್ರಾಗ ಎಲ್ಲಾ ಆಗಿತ್ತು. ಮಂಗಳಾರ್ತಿ ತಟ್ಟಿ ಹಿಡ್ಕೊಂಡು ನಿಂತಾಕಿ ಮುಂದ ನಾ ಏನು ಹೇಳಲಿ?"

ಅವ್ವನಿಗೆ ನಿಧಾನವಾಗಿ ತಿಳಿಯಿತು. ಪಾನಾಗಳು ಪೂಜೆಯಲ್ಲಿ, ಕಾರು ದಿಮ್ಮಿಯ ಮೇಲೆ, ಪಾನಾ ಎತ್ತುವುದು ನಾಳೆ ಸಂಜೆ ಬನ್ನಿ ಮುಡಿದ ಮೇಲೆ. ಬನ್ನಿ ಕೊಡಬೇಕಾದವರು ದೇವದುರ್ಗದಲ್ಲಿ. ಆಕೆ ಮಣೆಯ ಮುಂದೆ ಕೂತಳು. "ಅಯ್ಯ ಶಿವನ" ಎಂದಳು.

ನಾನು ಉಪಾಯ ಹುಡುಕಿದೆ. ನಮ್ಮ ಪಕ್ಕದ ಮನೆಯ ಮಕ್ಬೂಲ್ ಭಾಯಿಗೆ ಲಾರಿ ರಿಪೇರಿ ಗ್ಯಾರೇಜು ಇದೆ. ನಮ್ಮ ಪಾನಾ ಎತ್ತಬಾರದು, ಅವರ ಪಾನಾಕ್ಕೆ ಯಾವ ಕಟ್ಟೂ ಇಲ್ಲವಲ್ಲ! ನನ್ನ ಬುದ್ಧಿಗೆ ನಾನೇ ಮೆಚ್ಚಿ ಅವರ ಬಾಗಿಲಿಗೆ ಹೋದೆ. ಮಕ್ಬೂಲ್ ಭಾಯಿ ನನ್ನ ಮಾತು ಪೂರ್ತಿ ಕೇಳಿ, ಹೊಟ್ಟೆ ಹಿಡಿದುಕೊಂಡು ನಕ್ಕರು. "ಅರೆ ಭಾಯಿ, ನನ್ನ ಗ್ಯಾರೇಜಿನಾಗ ದುಡಿಯಾವ್ರು ಎಲ್ಲಾ ನಿಮ್ಮವ್ರೇ. ಬೆಳಿಗ್ಗೆನೇ ಪೂಜಾ ಮಾಡಿ, ಬೀಗ ಹಾಕಿ, ಚಾವಿ ತಗೊಂಡು ಹೋಗ್ಯಾರ. ಮಾಲಕ್ ಹೋಗಿ ಮುಟ್ಟಿದ್ರ ಅವ್ರು ನಾಳಿಂದ ಕೆಲ್ಸಕ್ಕ ಬರಂಗಿಲ್ಲ." ಆಮೇಲೆ ಗಂಭೀರವಾಗಿ, "ಅಮ್ಮಾರು ಏನಂತಾರ?" ಎಂದು ಕೇಳಿದರು. ಅಮ್ಮ ಏನೂ ಅನ್ನುತ್ತಿಲ್ಲ ಎಂದೆ. "ಅದು ಫಿಕರ್ ಮಾಡೂ ಮಾತು" ಎಂದರು.

ದಸರೆಯ ಬೆಳಿಗ್ಗೆ ಅವ್ವ ಎಂದಿನಂತೆ ಎದ್ದು, ಮಾದಲಿ ಮಾಡಿ, ಅದನ್ನು ಡಬ್ಬಿಗೆ ತುಂಬಿ, ಡಬ್ಬಿಯನ್ನು ಕಟ್ಟೆಯ ಮೇಲಿಟ್ಟಳು. ಇಳಕಲ್ ಸೀರೆ ಉಟ್ಟಿದ್ದಳು. ಎಲ್ಲಿಗೂ ಹೋಗುವಂತಿಲ್ಲದವಳು ಹೋಗಲು ತಯಾರಾಗಿ ಕೂತಿದ್ದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

"ಯವ್ವಾ, ನಾ ಎತ್ತಿ ಜೋಡಸ್ತೀನಿ. ಏನಾಗಂಗಿಲ್ಲ. ನೀ ಹೂಂ ಅನ್ನು ಸಾಕು."

"ಹೂಂ ಅನ್ನಾಕ ನಾ ಯಾರು?"

"ಮನಿಗೆ ನೀನೇ ದೊಡ್ಡಾಕಿ."

"ದೊಡ್ಡಾಕಿ ಆದ್ರ ಏನಾತೋ? ನಮ್ಮಪ್ಪ ಹಾಕಿದ ಕಟ್ಟು ಅದು. ನಾ ಹೆಂಗ ಬಿಚ್ಚಲಿ? ಅವ್ರನ್ನ ಕೇಳೂಣು ಅಂದ್ರ ಅವ್ರ್ಯಾರೂ ಇಲ್ಲ." ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಹಬ್ಬದ ದಿನ ಅಳಬಾರದು ಎಂದು ನಮಗೆಲ್ಲ ಕಲಿಸಿದವಳು ಆಕೆಯೇ. ನಾನು ಅಡುಗೆಮನೆಗೆ ಹೋಗಿ ಸುಮ್ಮನೆ ನೀರು ಕುಡಿದೆ.

ಶಶಿಕಲಾ ಒಲೆಯ ಮುಂದಿದ್ದಳು. ನನ್ನ ಮುಖ ನೋಡಿದಳು, ಗ್ಯಾಸ್ ಸಣ್ಣ ಮಾಡಿದಳು, ಫೋನ್ ತೆಗೆದುಕೊಂಡು ಹೋಗಿ ಅವ್ವನ ಪಕ್ಕ ಕೂತಳು. "ಅತ್ತಿ, ದೊಡ್ಡವ್ರು ಯಾರೂ ಇಲ್ಲಂತ ಯಾಕ ಅಂತೀರಿ? ಮಾಮಾರು ಅದಾರಲ್ಲ. ಅವ್ರನ್ನ ಕೇಳ್ರಿ." ಅವ್ವ ಬೇಡ ಎನ್ನುವಷ್ಟರಲ್ಲಿ ದೇವದುರ್ಗಕ್ಕೆ ಫೋನ್ ಹತ್ತಿತ್ತು. ಮಾಮನಿಗೆ ಕಿವಿ ಮಂದ, ಅವರು ಮಾತಾಡಿದರೆ ಸ್ಪೀಕರ್ ಹಾಕದಿದ್ದರೂ ಮನೆಗೆಲ್ಲ ಕೇಳುತ್ತದೆ.

"ಯಾರು? ಸಂಗಿ ಏನು? ಹೊಂಟಿಯೇನಬೇ?"

"ಇಲ್ಲೋ ಯಣ್ಣಾ" ಎಂದಳು ಅವ್ವ. ದನಿ ಸಣ್ಣದಾಗಿತ್ತು. "ಕಾರು ಬಿಚ್ಚಿ ಇಟ್ಟಾನ ನಿನ್ನ ಅಳಿಯ. ಜೋಡಸೂ ಪಾನಾ ಎಲ್ಲಾ ನಾ ಖಂಡಿ ಪೂಜಾಕ್ಕ ಇಟ್ಟುಬಿಟ್ಟೀನಿ. ಗೊತ್ತಾಗ್ಲಿಲ್ಲೋ ನನಗ."

"ಎತ್ತಾಕ ಹೇಳು. ಎತ್ತಿ ಜೋಡಸ್ಲಿ."

"ಸಂಜಿತನಾ ಎತ್ತಬಾರದಂತ ಅಪ್ಪ ಹೇಳ್ಯಾನಲ್ಲೋ."

ಆ ಕಡೆ ಕೆಮ್ಮು ಕೇಳಿಸಿತು. ಬಹಳ ಹೊತ್ತು ಕೆಮ್ಮಿದರು. ಆಮೇಲೆ, "ಅಪ್ಪ ಇಲ್ಲದಾಗ ಮನಿಗೆ ದೊಡ್ಡಾವ ಯಾರು?" ಎಂದರು.

"ನೀನು."

"ಹಂಗಾದ್ರ ನಾ ಅನ್ನಾಕತ್ತೀನಿ, ಎತ್ತು. ಅಪ್ಪ ಕೇಳಿದ್ರ ನನ್ನ ಹೆಸರು ಹೇಳು."

ಫೋನ್ ಇಟ್ಟರು. ಅವ್ವ ಎದ್ದಳು. ಕೈ ತೊಳೆದುಕೊಂಡು, ಮಣೆಯ ಮುಂದೆ ನಿಂತು, ಮೊದಲನೆಯ ಪಾನಾ ಎತ್ತಿ ಎರಡೂ ಕಣ್ಣಿಗೆ ಒತ್ತಿಕೊಂಡಳು. ಅದರ ಮೇಲಿನ ಹೂವನ್ನು ತೆಗೆದು ಶಶಿಕಲಾಳ ತಲೆಗೆ ಮುಡಿಸಿ, ಪಾನಾವನ್ನು ನನ್ನ ಕೈಗೆ ಕೊಟ್ಟಳು. "ಹಿಡಿ. ಮಾಮ ಹೇಳ್ಯಾನ. ಲಗೂ ಮಾಡು."

ಲಗೂ ಮಾಡಿದೆ. ಇಷ್ಟು ಹೊಳೆಯುವ ಪಾನಾಗಳನ್ನು ನಾನು ಅದಕ್ಕೂ ಮೊದಲು ಹಿಡಿದಿರಲಿಲ್ಲ, ಆಮೇಲೂ ಹಿಡಿದಿಲ್ಲ. ಪ್ಯಾಕಿಂಗಿನ ಮೇಲಿನ ಬೊಟ್ಟಿನ ಬಗ್ಗೆ ಸಣ್ಣ ಮಾತುಕತೆ ನಡೆಯಿತು. ಕೂಡುವ ಜಾಗದಲ್ಲಿ ಎಳ್ಳಷ್ಟು ಕಸವಿದ್ದರೂ ಮತ್ತೆ ಹೊಗೆ ಸೋರುತ್ತದೆ ಎಂದು ವಿಡಿಯೋದವನು ಹೇಳಿದ್ದ. ದೇವರಿಗೆ ಹಚ್ಚಿದ್ದು ಕಸ ಹೇಗಾಗುತ್ತದೆ ಎಂದು ಅವ್ವ ಕೇಳಿದಳು. ಕೊನೆಗೆ ಪ್ಯಾಕಿಂಗನ್ನು ಒರೆಸುವುದು, ಟರ್ಬೋದ ಹಣೆಯನ್ನು ಮುಟ್ಟದಿರುವುದು ಎಂದು ರಾಜಿಯಾಯಿತು. ಹೊಸ ಬೋಲ್ಟು ಕೂರಿಸಿ, ಪ್ಯಾಕಿಂಗ್ ಇಟ್ಟು, ಪೈಪನ್ನು ಕೆಳಗಿನಿಂದ ಎತ್ತಿ ಹಿಡಿದೆ. ನಟ್ಟುಗಳನ್ನು ಮೊದಲು ಕೈಯಿಂದ ಹಿಡಿಸಿ, ಆಮೇಲೆ ಒಂದಕ್ಕೆ ಸ್ವಲ್ಪ, ಇನ್ನೊಂದಕ್ಕೆ ಸ್ವಲ್ಪ ಎಂದು ಸುತ್ತು ಬಿಗಿದೆ. ಒಂದನ್ನೇ ಪೂರ್ತಿ ಬಿಗಿದರೆ ಪ್ಯಾಕಿಂಗ್ ಓರೆ ಕೂರುತ್ತದೆ. ಮೇಲಿನಿಂದ ಬಾನೆಟ್ಟಿನೊಳಗೆ ಬಗ್ಗಿ ದೀಪ ಹಿಡಿದವಳು ಶಶಿಕಲಾ, ಕಟ್ಟೆಯ ಮೇಲೆ ಕೂತು ಹೊತ್ತು ಎಷ್ಟಾಯಿತೆಂದು ಹೇಳುತ್ತಿದ್ದವಳು ಅವ್ವ. ಕೊನೆಯಲ್ಲಿ ಪೈಪನ್ನು ತೂಗುಹಾಕುವ ರಬ್ಬರು ಹಟ ಹಿಡಿಯಿತು. ಸೋಪಿನ ನೀರು ಹಚ್ಚಿದ ಮೇಲೆ ಒಳಗೆ ಹೋಯಿತು.

ದಿಮ್ಮಿ ತೆಗೆದು ಜಾಕ್ ಇಳಿಸಿದಾಗ, ಮುಂದಿನ ಗಾಲಿಗಳು ನೇರ ನಿಂಬೆಹಣ್ಣಿನ ಮೇಲೆ ಇಳಿದು ಪಚಕ್ಕೆಂದು ಅಪ್ಪಚ್ಚಿ ಮಾಡಿದವು. ಅವ್ವ ಕಟ್ಟೆಯ ಮೇಲಿಂದಲೇ ಕೈ ಮುಗಿದಳು. ಕಾರು ಚಾಲೂ ಮಾಡಿದೆ. ಮೊದಲು ಬಾನೆಟ್ಟಿನಿಂದ ಹೊಗೆ ಎದ್ದಿತು. ಅದು ವಿಭೂತಿ ಕಲಸಿದ ಎಣ್ಣೆ ಸುಡುವ ಹೊಗೆ, ಜೊತೆಗೆ ಒಳಗೆ ಬಿದ್ದಿದ್ದ ಚೆಂಡು ಹೂವಿನ ಎಸಳುಗಳದು. ಅಂಗಳವೆಲ್ಲ ಗುಡಿಯ ವಾಸನೆ. ಸ್ವಲ್ಪ ಹೊತ್ತಿಗೆ ಅದು ನಿಂತಿತು. ಎಕ್ಸಿಲೇಟರ್ ಒತ್ತಿದೆ. ಫುಸ್ ಇಲ್ಲ. ಮತ್ತೆ ಒತ್ತಿದೆ. ಇಲ್ಲವೇ ಇಲ್ಲ. ನಾನು ಕೆಳಗಿಳಿದು ಓಣಿಯ ಆ ಕಡೆ ಈ ಕಡೆ ನೋಡಿದೆ, ನೋಡುವವರು ಯಾರೂ ಇರಲಿಲ್ಲ. ಮಕ್ಬೂಲ್ ಭಾಯಿ ಮಾತ್ರ ಮಾಳಿಗೆಯ ಮೇಲಿಂದ ಕೈ ಎತ್ತಿದರು.

ಊಟ ಮುಗಿಸಿ ಹೊರಟೆವು. ಗಬ್ಬೂರಿನ ದಾರಿಯುದ್ದಕ್ಕೂ ಬಾಳೆಕಂಬ ಕಟ್ಟಿಕೊಂಡ ಟ್ರ್ಯಾಕ್ಟರುಗಳು. ಹತ್ತಿ ಅಲ್ಲಲ್ಲಿ ಬಿರಿಯುತ್ತಿತ್ತು. ಕಾರಿನೊಳಗೆ ವಾಸನೆಯಿಲ್ಲ, ಸದ್ದಿಲ್ಲ. ಅವ್ವ ಸೆರಗನ್ನು ಮೂಗಿನಿಂದ ಇಳಿಸಿ, ತಾನಾಗಿಯೇ ಮಾತು ಶುರು ಮಾಡಿದಳು.

"ನಾ ಸಣ್ಣಾಕಿ ಇದ್ದಾಗ ಒಮ್ಮಿ ಖಂಡಿ ಪೂಜಾದ ದಿನ ಆಡಿನ ಮರಿ ಕೊರಳಿಗೆ ಹಗ್ಗ ಸುತ್ತಿಕೊಂಡು ಒದ್ದಾಡಾಕತ್ತಿತ್ತು. ಮನ್ಯಾಗ ಯಾರೂ ಇದ್ದಿದ್ದಿಲ್ಲ. ನಾ ಓಡಿ ಹೋಗಿ ಪೂಜಾದಾಗಿನ ಕುಡುಗೋಲು ತಂದು ಹಗ್ಗ ಕೊಯ್ದುಬಿಟ್ಟೆ. ಮರಿ ಉಳೀತು. ಅಪ್ಪ ಬಂದು ಕುಡುಗೋಲು ಯಾರು ಎತ್ತಿದ್ರು ಅಂತ ಬಾರಕೋಲು ತಗೊಂಡ. ನಮ್ಮಣ್ಣ ಆಗಷ್ಟೇ ಹೊಲದಿಂದ ಬಂದಿದ್ದ. ಆಡೂ ನೋಡಿಲ್ಲ, ಹಗ್ಗಾನೂ ನೋಡಿಲ್ಲ. 'ಎತ್ತು ಅಂತ ನಾನೇ ಹೇಳೀನಿ' ಅಂದುಬಿಟ್ಟ."

"ಆಮ್ಯಾಲೇನಾತು?" ಎಂದಳು ಶಶಿಕಲಾ ಹಿಂದಿನ ಸೀಟಿನಿಂದ.

"ಏನಾಗೂದು? ಹೊಡಿಸ್ಕೊಂಡ" ಎಂದಳು ಅವ್ವ. ಕಿಟಕಿಯ ಹೊರಗೆ ನೋಡುತ್ತ ಕೂತಳು. ಇಷ್ಟು ವರ್ಷದಲ್ಲಿ ಈ ಕಥೆಯನ್ನು ಆಕೆ ನಮಗೆ ಹೇಳಿರಲಿಲ್ಲ.

ದೇವದುರ್ಗ ತಲುಪಿದಾಗ ಹೊತ್ತು ಇಳಿದಿತ್ತು. ಮಾಮ ಪಡಸಾಲೆಯ ಮಂಚದ ಮೇಲೆ, ಹೊಸ ಧೋತರ ಉಟ್ಟು, ಬಾಗಿಲಿಗೆ ಮುಖ ಮಾಡಿ ಕೂತಿದ್ದರು. ಆಸ್ಪತ್ರೆಯಿಂದ ಬಂದಾಗ ನೋಡಿದ್ದಕ್ಕಿಂತ ಇನ್ನೂ ಸಣ್ಣಗಾಗಿದ್ದರು. ಧೋತರವೇ ಹೆಚ್ಚು, ಮನುಷ್ಯ ಕಡಿಮೆ ಅನಿಸಿ ನನಗೆ ಸಂಕಟವಾಯಿತು. ಅವ್ವನನ್ನು ಕಂಡದ್ದೇ ಗದರಿದರು. "ಎಷ್ಟೊತ್ತು ಮಾಡ್ತೀಬೇ ಸಂಗಿ? ಯಾವಾಗಿಂದ ದಾರಿ ಕಾಯಾಕತ್ತೀನಿ!"

ನಮ್ಮ ಮನೆಯಲ್ಲಿ ಅವ್ವನಿಗೆ ಹೀಗೆ ಅನ್ನುವ ಧೈರ್ಯ ಯಾರಿಗೂ ಇಲ್ಲ. ಅವ್ವ ಬೈಸಿಕೊಂಡು ನಕ್ಕಳು. ಎಷ್ಟು ಸಣ್ಣ ಹುಡುಗಿಯಂತೆ ನಕ್ಕಳೆಂದರೆ ನಾನೂ ಶಶಿಕಲಾಳೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮೊಣಕಾಲು ಬಾಗುವುದಿಲ್ಲ, ಇಬ್ಬರೂ ಎರಡು ಕಡೆ ಹಿಡಿದು ಆಕೆಯನ್ನು ನೆಲಕ್ಕೆ ಇಳಿಸಿದೆವು. "ಬಗ್ಗಬ್ಯಾಡ, ಅಲ್ಲಿಂದ ಕೊಟ್ರ ಸಾಕು" ಎಂದರು ಮಾಮ. "ನೀ ಸುಮ್ನಿರು" ಎಂದಳು ಅವ್ವ. ಬನ್ನಿ ಎಲೆಗಳನ್ನು ಅವರ ಅಂಗೈಯಲ್ಲಿಟ್ಟು, "ಬನ್ನಿ ತಗೊಂಡು ಬಂಗಾರದಂಗ ಇರೂಣೋ ಯಣ್ಣಾ" ಎಂದು ಎರಡೂ ಪಾದ ಮುಟ್ಟಿ ಹಣೆ ಹಚ್ಚಿದಳು.

ಮಾಮ ಆಕೆಯ ತಲೆಯ ಮೇಲೆ ಕೈ ಇಟ್ಟರು. "ಸಂಗೀ, ಇನ್ನ ಮ್ಯಾಲ ಇಂಥಾದ್ದಕ್ಕ ನನ್ನ ಕೇಳಬ್ಯಾಡ. ಫೋನ್ ಹಚ್ಚಿದಾಗ ನಾ ಇರಲಿಲ್ಲಂದ್ರ ಏನ್ಮಾಡ್ತಿ? ನೀನೇ ಎತ್ತಿಬಿಡು. ನೀನೂ ದೊಡ್ಡಾಕಿ ಆಗೀದಿ."

ಅವ್ವ ತಲೆ ಎತ್ತಿದಳು. ಸಿಟ್ಟು ಬಂದಿತ್ತು. "ನೀ ಇರೂತನಾ ನಾ ಯಾಕ ದೊಡ್ಡಾಕಿ ಆಗ್ಲಿ?"

ಮಾಮ ಆಕೆಯ ತಲೆಯ ಮೇಲಿನ ಕೈ ತೆಗೆಯಲಿಲ್ಲ. ಮೊಣಕಾಲು ನೋಯುತ್ತಿರಬೇಕು ಎಂದು ನಾವಿಬ್ಬರೂ ಅವ್ವನನ್ನು ಎಬ್ಬಿಸಲು ಬಗ್ಗಿದೆವು. ಆಕೆ ನಮ್ಮ ಕೈಗಳನ್ನು ಸರಿಸಿ, "ತಡೀರಿ, ಇಲ್ಲೇ ಸ್ವಲ್ಪ ಕೂಡ್ತೀನಿ" ಎಂದು ಅಣ್ಣನ ಕಾಲ ಹತ್ತಿರವೇ ಕೂತಳು.